ಪಲ್ಲ ಒಂದು, ನುಡಿ ಇನ್ನೊಂದು

ನಮ್ಮ ಮೇಳದಲ್ಲಿ ನನ್ನ ಕೈಗೆ ಬಂದದ್ದು ತುಂತುಣಿ. ಮರದ ಸಣ್ಣ ಬುಡ, ಅದಕ್ಕೊಂದು ಕೋಲು, ಎರಡರ ನಡುವೆ ಬಿಗಿದ ಒಂದೇ ತಂತಿ. ಹಾಡುವವರು ಎಷ್ಟು ಮೇಲೆ ಹೋದರೂ, ಎಷ್ಟು ಕೆಳಗೆ ಬಂದರೂ ಆ ತಂತಿ ಮಾತ್ರ ಒಂದೇ ಸ್ವರ ನುಡಿಯುತ್ತಿರಬೇಕು. ನಾವು ಅದಕ್ಕೆ ಸೂರು ಎನ್ನುತ್ತಿದ್ದೆವು. ಜಮಖಂಡಿಯಲ್ಲಿ ಒಂದು ನಾಟಕ ಕಂಪನಿ ಬೀಡು ಬಿಟ್ಟಿದ್ದಾಗ ಅದರಲ್ಲಿ ಪೇಟಿ ಬಾರಿಸುವವನೊಬ್ಬ ನನಗೆ ಸ್ವರಗಳ ಹೆಸರು ಹೇಳಿಕೊಟ್ಟಿದ್ದ. ಏಳು ಸ್ವರಗಳಲ್ಲಿ ಸಾ ಮತ್ತು ಪಾ ತಮ್ಮ ಜಾಗ ಬಿಟ್ಟು ಅಲುಗುವುದಿಲ್ಲ. ರಿ, ಗ, ಧ, ನಿ ಒಂದಿಷ್ಟು ಕೆಳಗೆ ಸರಿಯಬಹುದು, ಮ ಒಂದಿಷ್ಟು ಮೇಲೆ ಸರಿಯಬಹುದು. ಪೇಟಿಯ ಕರಿ ಬಿಳಿ ಪಟ್ಟಿಗಳನ್ನು ಒತ್ತಿ ಅವನು ಇದನ್ನೆಲ್ಲ ತೋರಿಸಿದ. ನಾನು ಕನ್ನಡ ಸಾಲೆಯಲ್ಲಿ ನಾಲ್ಕನೆಯ ಇಯತ್ತೆ ಮುಗಿಸಿದವನು. ಅಷ್ಟು ನನಗೆ ತಿಳಿಯಿತು. ನನ್ನ ತಂತಿ ಎಂದರೆ ಸಾ, ಅದು ಸಡಿಲವಾದರೆ ಇಡೀ ಮೇಳ ಸಡಿಲವಾಗುತ್ತದೆ ಎಂಬುದೂ ತಿಳಿಯಿತು.

ನನ್ನ ಹೆಂಡತಿ ತೀರಿಕೊಂಡದ್ದು ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂದ ವರ್ಷ. ಇದನ್ನು ಬರೆಯುತ್ತಿರುವುದು ಅವಳ ಸಲುವಾಗಿ. ಆದರೆ ನಮ್ಮ ಮೇಳ ಹಾಡುತ್ತಿದ್ದ ಪದದ ಮಾತು ಹೇಳದೆ ಅವಳ ಮಾತು ಹೇಳಲು ನನಗೆ ಬರುವುದಿಲ್ಲ. ನಮ್ಮಿಬ್ಬರ ನಡುವೆ ಸಂಶಯ ಬಂದು ಕೂತದ್ದು ಪದದ ದೆಸೆಯಿಂದ.

ಬನಹಟ್ಟಿಯಲ್ಲಿ ನಮ್ಮದು ನೇಯ್ಗೆಯ ಮನೆ. ನಾನು ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತು ಸೀರೆ ನೇಯುವುದು, ಅವಳು ಬಾಗಿಲ ಬೆಳಕಿಗೆ ರಾಟಿ ಇಟ್ಟುಕೊಂಡು ಲಾಳಿಗೆ ಬೇಕಾದ ಕಂಡಿಕೆ ಸುತ್ತುವುದು. ಪದದ ಮೇಳ ಸೇರುತ್ತಿದ್ದದ್ದೂ ನಮ್ಮ ಮಗ್ಗದ ಪಡಸಾಲೆಯಲ್ಲೇ, ಏಕೆಂದರೆ ಓಣಿಯಲ್ಲಿ ಅಷ್ಟು ಜಾಗ ಬೇರೆ ಯಾರ ಮನೆಯಲ್ಲೂ ಇರಲಿಲ್ಲ. ಮೇಳದ ಹಿರಿಯ ನೂಲಿಗೆ ಬಣ್ಣ ಹಾಕುವವನು. ಪದ ಕಟ್ಟುವವನೂ ಅವನೇ, ಮುಂದೆ ನಿಂತು ಹಾಡುವವನೂ ಅವನೇ. ಅವನ ಉಗುರುಗಳಲ್ಲಿ ಕೆಂಪೋ ನೀಲಿಯೋ ಯಾವಾಗಲೂ ಇರುತ್ತಿತ್ತು.

ನಮ್ಮ ಕಡೆಯ ಪದಕ್ಕೆ ಒಂದು ಕಟ್ಟು ಇದೆ. ಮೊದಲು ಪಲ್ಲ, ಅಂದರೆ ಹಿಂದೆ ನಿಂತವರು ಮತ್ತೆ ಮತ್ತೆ ಎತ್ತಿ ಹಾಡುವ ಸಾಲು. ಆಮೇಲೆ ನುಡಿ. ಕಥೆಯೋ ಪ್ರಶ್ನೆಯೋ ಏನಿದ್ದರೂ ಅದರಲ್ಲಿ. ಪಲ್ಲ ಕೆಳಗಿನ ಸ್ವರಗಳಲ್ಲಿ ಸುಳಿದಾಡುತ್ತದೆ, ನುಡಿ ನಡುವಿನಲ್ಲಿ ನಡೆಯುತ್ತದೆ. ನುಡಿಯ ಕೊನೆಗೆ ಏರು ಬರುತ್ತದೆ. ಆಗ ಡಪ್ಪಿನ ಹೊಡೆತ ಚುರುಕಾಗಿ, ಹಾಡುವವನ ದನಿ ಮೇಲಿನ ಸಾ ಮುಟ್ಟುತ್ತದೆ. ಮುಟ್ಟಿದ ಮೇಲೆ ಇಳಿದು ಬಂದು ಪಲ್ಲವನ್ನು ಕೂಡಿಕೊಳ್ಳಬೇಕು. ಎಲ್ಲಕ್ಕಿಂತ ಕಠಿಣವಾದದ್ದು ಈ ಇಳಿದು ಕೂಡಿಕೊಳ್ಳುವ ಸಾಲು. ನುಡಿ ಎಲ್ಲಿ ಮುಗಿಯುತ್ತದೋ ಅಲ್ಲಿಂದ ಪಲ್ಲ ಎಲ್ಲಿ ಹುಟ್ಟುತ್ತದೋ ಅಲ್ಲಿಗೆ ದಾರಿ ಇರಬೇಕು. ಬರಿಯ ಮಾತು ಪೋಣಿಸುವವರಿಗೆ ಆ ದಾರಿ ಸಿಗುವುದಿಲ್ಲ.

ಮೇಳಗಳಲ್ಲಿ ಎರಡು ಪಕ್ಷ. ಗಂಡು ಹೆಚ್ಚು ಎಂದು ವಾದಿಸುವುದು ಹರದೇಶಿ, ಹೆಣ್ಣು ಹೆಚ್ಚು ಎಂದು ವಾದಿಸುವುದು ನಾಗೇಶಿ. ನಮ್ಮ ಕಡೆ ಆಗ ಎರಡನ್ನೂ ಗಂಡಸರೇ ಹಾಡುತ್ತಿದ್ದರು. ನಮ್ಮದು ಹರದೇಶಿ. ಒಂದು ಮೇಳ ಪದದಲ್ಲಿ ಸವಾಲು ಹಾಕಿದರೆ ಎದುರಿನ ಮೇಳ ಅದೇ ಮಟ್ಟಿನಲ್ಲಿ, ಅದೇ ತಾಳದಲ್ಲಿ, ನುಡಿಗೆ ನುಡಿ ಜೋಡಿಸಿ ಜವಾಬು ಕೊಡಬೇಕು. ಕೊಡಲಾಗದಿದ್ದರೆ ಡಪ್ಪನ್ನು ನೆಲಕ್ಕೆ ಇಡಬೇಕು. ಜವಾಬು ಸರಿಯಾಗಿ ಬಂದರೆ ಸವಾಲು ಹಾಕಿದವರೇ ಇಡಬೇಕು. ಹೀಗಾಗಿ ಹೊಸ ಪದವನ್ನು ಕಣದಲ್ಲಿ ಹಾಡುವವರೆಗೆ ಬಚ್ಚಿಡುವುದು ಎಲ್ಲ ಮೇಳಗಳ ರಿವಾಜು. ಹಾಡಿ ಕಲಿಯುವಾಗ ಬಾಗಿಲು ಹಾಕಿಕೊಳ್ಳುತ್ತಿದ್ದೆವು. ಹಾಕಿದ ಬಾಗಿಲ ಒಳಗಡೆ, ಒಲೆಯ ಮುಂದೆ, ನನ್ನ ಹೆಂಡತಿ ಇರುತ್ತಿದ್ದಳು.

ಅವಳ ತವರು ಹುನ್ನೂರು. ಹುನ್ನೂರಿನ ಮೇಳ ನಾಗೇಶಿ. ಅದರ ಯಜಮಾನ ಅವಳ ಅಪ್ಪ, ಡಪ್ಪು ಹೊಡೆಯುವವನು ಅವಳ ತಮ್ಮ. ಮದುವೆಯ ಮಾತು ಆಡುವಾಗ ಇದನ್ನು ಎರಡೂ ಕಡೆಯವರು ನಕ್ಕು ಬಿಟ್ಟಿದ್ದರು. ಸವಾಲಿನ ಮನೆಗೆ ಜವಾಬು ಕೊಡುತ್ತಿದ್ದೇವೆ ಎಂದು ಮಾವ ಎಲ್ಲರ ಎದುರು ಹಾಸ್ಯ ಮಾಡಿದ್ದ.

ನೇಕಾರರಿಗೆ ಅಮಾವಾಸ್ಯೆ ರಜೆ. ಅಂದು ಮಗ್ಗಕ್ಕೆ ಪೂಜೆ ಮಾಡಿ ಊಟ ಮುಗಿಸಿದರೆ ಸಂಜೆಯವರೆಗೆ ಕೆಲಸವಿಲ್ಲ. ಅಂಥ ಒಂದು ಅಮಾವಾಸ್ಯೆಯ ಮಧ್ಯಾಹ್ನ ಹುನ್ನೂರಿನವರು ನಮ್ಮ ಊರಿಗೆ ಬಂದು ಮಠದ ಮುಂದಿನ ಬಯಲಿನಲ್ಲಿ ಹಾಡಿದರು. ನಮ್ಮ ಹಿರಿಯ ಹೊಸ ಪದ ಎತ್ತಿದ. ಅದನ್ನು ನಮ್ಮ ಪಡಸಾಲೆಯಲ್ಲಿ ಕಲಿತಿದ್ದೆವು, ಹೊರಗೆ ಯಾರೂ ಕೇಳಿರಲಿಲ್ಲ. ಪಲ್ಲವನ್ನು ಹಿಂದಿನವರು ಎತ್ತಿ ಹಾಡುತ್ತಿರುವಾಗಲೇ ಎದುರಿನ ಮೇಳದವರು ತಲೆಗೆ ತಲೆ ತಾಗಿಸಿ ಪಿಸುಗುಟ್ಟುವುದನ್ನು ನಾನು ಕಂಡೆ. ನಮ್ಮ ಕೊನೆಯ ನುಡಿ ಮುಗಿಯುವುದೇ ತಡ, ಅವರ ಜವಾಬು ಶುರುವಾಯಿತು. ನಡುವೆ ಉಸಿರು ತೆಗೆದುಕೊಳ್ಳುವಷ್ಟೂ ಸಮಯ ಬೇಕಾಗಲಿಲ್ಲ. ನಾವು ಎಲ್ಲಿ ಏರಿದ್ದೆವೋ ಅಲ್ಲೇ ಏರಿ, ಎಲ್ಲಿ ಇಳಿದಿದ್ದೆವೋ ಅಲ್ಲೇ ಇಳಿದು, ಪ್ರಶ್ನೆಗೊಂದು ಉತ್ತರ ಇಟ್ಟು ಹೋದರು. ಮನೆಯಲ್ಲೇ ಹೊಲಿದು ತಂದ ಅಂಗಿಯ ಹಾಗೆ ಸರಿಯಾಗಿ ಕೂತಿತು. ನಮ್ಮ ಡಪ್ಪು ನೆಲಕ್ಕೆ ಬಂತು.

ಜನ ಚದುರಿದ ಮೇಲೆ ಹಿರಿಯ ನನ್ನ ಪಕ್ಕಕ್ಕೆ ಬಂದು ಎಲೆ ಅಡಿಕೆ ಹಾಕಿಕೊಂಡ. ನನ್ನನ್ನು ನೋಡದೆ ಮಾತಾಡಿದ.

“ನಿನ್ನ ಮನಿ ಗ್ವಾಡಿಗಿ ಹುನ್ನೂರ ಕಿವಿ ಅದಾವೇನೋ ತಮ್ಮಾ.”

ಹಾಗೆಲ್ಲ ಇರಲಿಕ್ಕಿಲ್ಲ ಎಂದೆ. ಇರಲಿಕ್ಕಿಲ್ಲ ಎಂದು ಅವನೂ ಒಪ್ಪಿಕೊಂಡ. ಅವನು ಅಷ್ಟು ಬೇಗ ಒಪ್ಪಿಕೊಂಡದ್ದೇ ನನಗೆ ನಾಟಿತು. ನನ್ನ ಬಾಯಿಂದ ಬಂದದ್ದು ಇಲ್ಲ ಎಂಬ ಮಾತಲ್ಲ, ಇರಲಿಕ್ಕಿಲ್ಲ ಎಂಬ ಮಾತು ಎನ್ನುವುದು ಮನೆಗೆ ನಡೆಯುವಾಗ ನನಗೇ ತಿಳಿಯಿತು.

ಅಂದಿನಿಂದ ನಾನು ನನ್ನ ಮನೆಯಲ್ಲೇ ಕಾವಲುಗಾರನಾದೆ. ಅವಳು ರಾಟಿ ತಿರುಗಿಸುವಾಗ ಏನನ್ನೋ ಗುನುಗುತ್ತಿದ್ದಳು. ಅದು ಹೊಸದಲ್ಲ, ಮದುವೆಯಾಗಿ ಬಂದ ದಿನದಿಂದ ಇದ್ದದ್ದು. ಮಗ್ಗ ತುಳಿದಾಗಿನ ಸದ್ದು, ಲಾಳಿ ಹಾಯ್ದ ಸದ್ದು, ಎಳೆ ಒತ್ತುವ ಹಣಿಗೆ ಬಡಿದ ಸದ್ದು ಸೇರಿ ಒಂದು ತಾಳ ಬೀಳುತ್ತಿತ್ತು. ಅವಳ ಗುನುಗು ಆ ತಾಳದ ಮೇಲೆ ನಡೆಯುತ್ತಿತ್ತು. ಮೊದಲು ನಾನು ಅದಕ್ಕೆ ಕಿವಿಗೊಟ್ಟವನಲ್ಲ. ಈಗ ಕೊಡತೊಡಗಿದೆ. ಅವಳು ಗುನುಗುವುದು ನಮ್ಮ ಮೇಳದ ಪದವೇ? ನಮ್ಮದಾದರೆ ಕದ್ದು ಕಲಿಯುತ್ತಿದ್ದಾಳೆ. ನಮ್ಮದಲ್ಲದಿದ್ದರೆ ಹುನ್ನೂರಿನದು ಇರಬೇಕು, ಹಾಗಿದ್ದರೆ ಅವಳಿಗೆ ಅದು ಎಲ್ಲಿಂದ ಬಂತು? ಮಗ್ಗದ ಸದ್ದಿನಲ್ಲಿ ಸರಿಯಾಗಿ ಕೇಳುತ್ತಿರಲಿಲ್ಲ. ಕೇಳಲೆಂದು ಥಟ್ಟನೆ ಲಾಳಿ ನಿಲ್ಲಿಸುತ್ತಿದ್ದೆ. ನಿಲ್ಲಿಸಿದ ಕೂಡಲೇ ಅವಳೂ ನಿಲ್ಲಿಸುತ್ತಿದ್ದಳು. ನೂಲು ಕಡಿಯಿತೇ ಎಂದು ಅಲ್ಲಿಂದಲೇ ಕೇಳುತ್ತಿದ್ದಳು. ಹೌದು ಎಂದು ನಾನು ಕಡಿಯದ ನೂಲನ್ನು ಹುಡುಕುತ್ತ ಕೂರುತ್ತಿದ್ದೆ.

ಹುನ್ನೂರ ಕಡೆಯಿಂದ ಒಬ್ಬ ಬಳೆಗಾರ ಬರುತ್ತಿದ್ದ. ಅವಳು ಅವನಿಗೆ ಮಜ್ಜಿಗೆ ಕೊಟ್ಟು ಕಟ್ಟೆಯ ಮೇಲೆ ಕೂರಿಸಿ ತವರಿನ ಸುದ್ದಿ ಕೇಳುತ್ತಿದ್ದಳು. ಯಾವ ಹೆಣ್ಣುಮಗಳು ಕೇಳುವುದಿಲ್ಲ? ಆದರೂ ಅವನು ಬಂದಾಗ ನಾನು ಕುಣಿಯಿಂದ ಎದ್ದು ನೀರು ಕುಡಿಯುವ ನೆಪದಿಂದ ಬಾಗಿಲಿಗೆ ಹೋಗುತ್ತಿದ್ದೆ. ನಾನು ಹೋದರೆ ಮಾತು ನಿಲ್ಲುತ್ತಿತ್ತು. ಗಂಡ ಬಂದ ಎಂದು ಬಳೆಗಾರ ಗೌರವಕ್ಕೆ ಸುಮ್ಮನಾಗುತ್ತಿದ್ದನೋ, ಬೇರೆ ಏನಾದರೂ ಇತ್ತೋ ನನಗೆ ತಿಳಿಯದು. ಒಂದು ದಿನ ಅವಳು ಕೈಗೆ ಬಳೆ ಏರಿಸಿಕೊಳ್ಳುತ್ತ ಬೆರಳುಗಳಿಂದ ಮೊಣಕಾಲ ಮೇಲೆ ತಾಳ ಹಾಕುತ್ತಿದ್ದಳು. ಯಾವ ತಾಳ ಎಂದು ನಾನು ಬಾಗಿಲ ಸಂದಿಯಿಂದ ಎಣಿಸಿದೆ. ನಮ್ಮ ಹೊಸ ಪದದ್ದಾಗಿರಬಹುದಿತ್ತು. ನಮ್ಮ ಕಡೆಯ ಅರ್ಧ ಪದಗಳು ಅದೇ ತಾಳದವು.

ಆಮೇಲೆ ಮತ್ತೊಂದು ಸಲ ಹಾಗೇ ಆಯಿತು. ಈ ಸಲವೂ ಹೊಸ ಪದ, ಈ ಸಲವೂ ಹುನ್ನೂರಿನವರ ಜವಾಬು ಸಿದ್ಧವಾಗಿತ್ತು. ಹಿರಿಯ ಮೇಳದವರನ್ನೆಲ್ಲ ತನ್ನ ಬಣ್ಣದ ಮನೆಗೆ ಕರೆದ. ನನಗೆ ಹೇಳಬೇಕಾದದ್ದನ್ನು ಎಲ್ಲರ ಎದುರೇ ಹೇಳಿದ.

“ನಾ ಯಾರ ಹೆಸರೂ ತಗೊಳ್ಳೂದಿಲ್ಲ. ಖರೆ ಅಂತ ಗೊತ್ತಾತು ಅಂದ್ರ, ಒಂದೋ ಆಕಿ ನಿನ್ನ ಮನ್ಯಾಗ ಇರಬಾರದು, ಇಲ್ಲಾ ನೀ ನಮ್ಮ ಮೇಳದಾಗ ಇರಬಾರದು.”

ಹೆಸರು ತೆಗೆದುಕೊಳ್ಳದೆ ಹೇಳಿದ್ದು ಅಷ್ಟು. ಹಣಿಗೆ ಕಟ್ಟುವ ಕೆಲಸದ ಒಬ್ಬ ಹಿಂದಿನಿಂದ, ತವರಿಗೆ ಕಳಿಸಿದರೆ ಅಲ್ಲಿ ಕೂತೇ ಹಾಡುತ್ತಾಳೆ, ಹುನ್ನೂರಿನವರಿಗೆ ಇನ್ನೂ ಅನುಕೂಲ ಎಂದು ನಗಿಸಿದ. ನಾನೂ ನಕ್ಕೆ. ಖರೆ ಆದರೆ ಅವಳನ್ನು ಹುನ್ನೂರಿಗೆ ಬಿಟ್ಟು ಬರುವುದು, ತಿರುಗಿ ಕರೆಯದೆ ಇರುವುದು ಎಂದು ಆ ನಗುವಿನ ನಡುವೆಯೇ ನಿಶ್ಚಯ ಮಾಡಿಕೊಂಡಿದ್ದೆ. ಮೇಳಕ್ಕೋಸ್ಕರ ಹೆಂಡತಿಯನ್ನು ಬಿಡುತ್ತಾರೆಯೇ ಎಂದು ಇಂದಿನವರು ಕೇಳಬಹುದು. ಮೇಳಕ್ಕೋಸ್ಕರ ಅಲ್ಲ. ನನ್ನ ಒಲೆಯ ಮುಂದೆ ಕೂತು ನನ್ನ ಅನ್ನ ಉಂಡು ನನ್ನನ್ನು ನಾಲ್ಕು ಜನರ ಎದುರು ತಲೆ ತಗ್ಗಿಸುವಂತೆ ಮಾಡುವ ಹೆಂಗಸು ಇವಳಾದರೆ, ಬೇರೆ ಯಾವ ಮಾತಿನಲ್ಲಿ ಇವಳನ್ನು ನಂಬಲಿ ಎಂದು ನನ್ನ ಎಣಿಕೆ.

ಉಪಾಯ ಹೇಳಿದವನೂ ಹಿರಿಯನೇ. ಹಾವು ಐತೋ ಇಲ್ಲೋ ಅಂತ ಬಿಲದಾಗ ಕೈ ಹಾಕಬಾರದು, ಹೊಗಿ ಹಾಕಿ ನೋಡಬೇಕು ಎಂದ. ನಮ್ಮ ಪಡಸಾಲೆಯಲ್ಲಿ ಒಂದು ಖೊಟ್ಟಿ ಪದ ಹಾಡುವುದು. ನಿಜವಾದ ಪದವನ್ನು ಅವನ ಬಣ್ಣದ ಮನೆಯಲ್ಲಿ, ಹಂಡೆಗಳ ನಡುವೆ ಕೂತು ಕಲಿಯುವುದು. ಕಣದಲ್ಲಿ ನಿಜವಾದದ್ದನ್ನೇ ಎತ್ತುವುದು. ಖೊಟ್ಟಿ ಪದಕ್ಕೆ ಜವಾಬು ಕಟ್ಟಿಕೊಂಡು ಬಂದಿದ್ದರೆ ಹುನ್ನೂರಿನವರು ಬಾಯಿ ಬಿಟ್ಟುಕೊಂಡು ನಿಲ್ಲುತ್ತಾರೆ. ಆಗ ಸುದ್ದಿ ಯಾವ ಮನೆಯಿಂದ ಹೋಯಿತು ಎಂಬುದು ತಾನಾಗಿ ಬಯಲಿಗೆ ಬರುತ್ತದೆ.

ಖೊಟ್ಟಿ ಪದಕ್ಕೆ ಹಿರಿಯ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಯಾವುದೋ ಅರ್ಧಕ್ಕೆ ಬಿಟ್ಟ ಪದದ ಪಲ್ಲ ತೆಗೆದುಕೊಂಡ, ಇನ್ನಾವುದೋ ಮಟ್ಟಿನ ನುಡಿ ಅದಕ್ಕೆ ಹಚ್ಚಿದ. ನಾವು ದಿನಾ ಸಂಜೆ ದೀಪ ಹಚ್ಚುವ ಹೊತ್ತಿಗೆ ನಮ್ಮ ಪಡಸಾಲೆಯಲ್ಲಿ ಕೂತು ಅದನ್ನು ಎದೆ ತುಂಬಿ ಹಾಡಿದೆವು. ನಾನು ತುಂತುಣಿ ಮೀಟುತ್ತ ಒಳಗಿನ ಬಾಗಿಲನ್ನೇ ನೋಡುತ್ತಿದ್ದೆ. ಅವಳು ರೊಟ್ಟಿ ಬಡಿಯುತ್ತಿದ್ದ ಸದ್ದು ಒಂದೆರಡು ಸಲ ನಿಂತು ಮತ್ತೆ ಶುರುವಾಯಿತು. ಕೇಳುತ್ತಿದ್ದಾಳೆ ಎಂದುಕೊಂಡೆ. ಹಿರಿಯನೂ ಅದನ್ನು ಗಮನಿಸಿ ನನ್ನತ್ತ ಹುಬ್ಬು ಎತ್ತಿದ. ಮೇಳ ಎದ್ದು ಹೋದ ಮೇಲೆ ಅವಳು ಎಲ್ಲರಿಗೂ ಚಹಾ ಕೊಟ್ಟ ಬಟ್ಟಲುಗಳನ್ನು ಎತ್ತಿಕೊಂಡು ಹೋದಳು. ಪದದ ಬಗ್ಗೆ ಒಂದು ಮಾತೂ ಆಡಲಿಲ್ಲ. ಮೊದಲೆಲ್ಲ ಚೆಂದಿತ್ತು ಎಂದೋ, ಇಂದು ನಿಮ್ಮ ಸೂರು ಇಳಿದಿತ್ತು ಎಂದೋ ಏನಾದರೂ ಅನ್ನುತ್ತಿದ್ದಳು. ಈ ಸಲ ಆಡದಿದ್ದದ್ದು ನನ್ನ ಸಂಶಯಕ್ಕೆ ಇನ್ನೊಂದು ಎಳೆ ಸೇರಿಸಿತು. ಆ ವಾರದಲ್ಲೇ ಬಳೆಗಾರ ಬಂದು ಹೋದ. ಅಂದು ನಾನು ಬಾಗಿಲಿಗೆ ಹೋಗಲಿಲ್ಲ. ಹೋಗಲಿ ಬಿಡು, ಒಯ್ಯಲಿ ಎಂದು ಬೇಕೆಂದೇ ಮಗ್ಗದಲ್ಲಿ ಕೂತಿದ್ದೆ.

ಆ ಅಮಾವಾಸ್ಯೆಗೆ ಎರಡೂ ಮೇಳಗಳಿಗೆ ತೇರದಾಳದಿಂದ ಕರೆ ಬಂದಿತ್ತು. ಊಟದ ಹೊತ್ತು ಕಳೆದ ಮೇಲೆ ಪೇಟೆಯ ಆಚೆ ಬೇವಿನ ಮರದ ಕೆಳಗೆ ಜನ ಕೂಡಿದರು. ಅಂಗಡಿಯ ಜೈನರು, ಹೊಲದಿಂದ ಎದ್ದು ಬಂದವರು, ರಬಕವಿಯ ನೇಕಾರರು ಎಲ್ಲ ಇದ್ದರು. ಹಿರಿಯ ಬಣ್ಣದ ಮನೆಯಲ್ಲಿ ಕಲಿಸಿದ ಪದ ಎತ್ತಿದ. ನಾನು ತಂತಿ ಮೀಟುತ್ತ ಅವಳ ತಮ್ಮನ ಮುಖವನ್ನೇ ನೋಡುತ್ತಿದ್ದೆ. ಅವನು ಗಾಬರಿಯಾಗಬೇಕಿತ್ತು. ಆಗಲಿಲ್ಲ. ಪಲ್ಲ ಕೇಳುತ್ತ ತಲೆ ತೂಗಿದ, ಹಿಂದೆ ತಿರುಗಿ ಅಪ್ಪನಿಗೆ ಏನೋ ಹೇಳಿದ, ಡಪ್ಪನ್ನು ಬೆಂಕಿಗೆ ಹಿಡಿದು ಬಿಸಿ ಮಾಡಿಕೊಂಡ. ನಮ್ಮದು ಮುಗಿಯಿತು. ಅವರದು ಶುರುವಾಯಿತು. ಅದೇ ಮಟ್ಟು, ಅದೇ ಏರು, ನುಡಿಗೆ ನುಡಿ.

ಹಿರಿಯ ಡಪ್ಪು ನೆಲಕ್ಕಿಟ್ಟ. ನನಗೆ ಸೋತ ನಾಚಿಕೆ ಆಗಲಿಲ್ಲ. ಆ ಪದವನ್ನು ಅವಳು ಕೇಳಿರಲೇ ಇಲ್ಲ. ಬಣ್ಣದ ಮನೆ ನಮ್ಮ ಓಣಿಯಿಂದ ದೂರ, ಊರ ಹೊರಗಿನ ಹಳ್ಳದ ಬದಿ. ಅಲ್ಲಿ ಇದ್ದವರು ನಾವು ಮೇಳದವರು ಮಾತ್ರ. ತೇರದಾಳದಿಂದ ಒಂದೇ ಗಾಡಿಯಲ್ಲಿ ಬಂದೆವು. ಎಲ್ಲರೂ ಎಲ್ಲರನ್ನೂ ಓರೆಗಣ್ಣಿನಿಂದ ನೋಡುತ್ತಿದ್ದರು. ಹಣಿಗೆ ಕಟ್ಟುವವನು ಯಾರ ಅತ್ತೆಯ ಮನೆ ಎಲ್ಲಿದೆ ಎಂದು ಲೆಕ್ಕ ಹಾಕುತ್ತಿದ್ದಿರಬೇಕು, ನಾನೂ ಹಾಕಿದೆ.

ಮನೆಗೆ ಬಂದಾಗ ಇನ್ನೂ ಬೆಳಕಿತ್ತು. ಅವಳು ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತ ಕೂತಿದ್ದಳು. ಗೆದ್ದಿರೋ ಇಲ್ಲವೋ ಎಂದು ಕೇಳಲಿಲ್ಲ. ನನ್ನ ಮುಖ ನೋಡಿ ಮತ್ತೆ ಮೊರಕ್ಕೆ ತಲೆ ಬಗ್ಗಿಸಿದಳು.

“ನಮ್ಮ ಮನ್ಯಾಗ ಕಲ್ತ ಪದಾ ಹಾಡಲಿಲ್ಲ, ಹೌದಲ್ರಿ?”

ನಾನು ತುಂತುಣಿಯನ್ನು ಕಟ್ಟೆಯ ಮೇಲೆ ಇಟ್ಟೆ.

“ಅದು ಹಾಡೂ ಪದಾನ ಅಲ್ಲರಿ. ಪಲ್ಲ ಒಂದ ಮನಿದು, ನುಡಿ ಇನ್ನೊಂದ ಮನಿದು. ಏರ ಮುಗಿಸಿ ಪಲ್ಲಕ್ಕ ಬರೂ ಮುಂದ ನಿಮ್ಮ ಹಿರ್ಯಾರು ದಿನಾ ಎಡವತಿದ್ರು. ಕೂಡೂ ದಾರಿನ ಇಲ್ಲ ಅದಕ್ಕ. ಅಂಥಾ ತಪ್ಪ ಅವ್ರು ಮಾಡೂ ಮಂದಿ ಅಲ್ಲ. ಮೊದಲ್ನೇ ದಿನಾನ ನನಗ ತಿಳೀತು, ಇದು ನನ್ನ ಹಿಡ್ಯಾಕಂತ ಕಟ್ಟಿದ ಪದಾ ಅಂತ.”

ತಿಳಿದ ಮೇಲೆ ಬಾಯಿ ಬಿಟ್ಟು ಯಾಕೆ ಹೇಳಲಿಲ್ಲ ಎಂದು ಕೇಳಿದೆ. ನನ್ನ ದನಿಯಲ್ಲಿ ಸಿಟ್ಟಿತ್ತು. ಯಾರ ಮೇಲಿನ ಸಿಟ್ಟು ಎಂದು ಹೇಳಲಾರೆ.

“ಅಂದಿದ್ರ ಏನಂತಿದ್ರಿ? ಕಳ್ಳಿಗೆ ಅಲ್ಲದ ಇದು ಯಾರಿಗೆ ತಿಳೀತಿತ್ತು ಅಂತಿದ್ರಿ.”

ಅನ್ನುತ್ತಿದ್ದೆ. ಆ ಮಾತು ನಿಜ.

ಹಾಗಾದರೆ ಹುನ್ನೂರಿನವರಿಗೆ ಜವಾಬು ಹೇಗೆ ಸಿಗುತ್ತದೆ ಎಂದು ಕೇಳಿದೆ. ಅವಳು ಮೊರ ಕೆಳಗಿಟ್ಟು, ಇಂದು ಹಾಡಿದ ಪದದ ಪಲ್ಲವನ್ನು ಮಾತ್ರ ಗುನುಗಿ ತೋರಿಸಿರಿ, ನುಡಿ ಬೇಡ ಎಂದಳು. ನಾನು ಗುನುಗಿದೆ. ಅವಳು ಒಂದು ಕ್ಷಣ ಕಣ್ಣು ಮುಚ್ಚಿ ಮಾತುಗಳಿಲ್ಲದೆ ಬರಿಯ ದನಿಯಲ್ಲಿ ಮುಂದಿನದನ್ನು ಎತ್ತಿದಳು. ನುಡಿ ಎಲ್ಲಿಂದ ಹೊರಡುತ್ತದೆ, ಎಲ್ಲಿ ನಿಲ್ಲುತ್ತದೆ, ಏರು ಎಲ್ಲಿ ಶುರುವಾಗುತ್ತದೆ ಎಲ್ಲವನ್ನೂ ಹಾಕಿ ತೋರಿಸಿ ಮೇಲಿನ ಸಾ ಮುಟ್ಟಿ ಇಳಿದು ಬಂದು ಪಲ್ಲವನ್ನು ಕೂಡಿಕೊಂಡಳು. ಒಂದೆರಡು ಕಡೆ ಬೇರೆ ಇತ್ತು. ಉಳಿದದ್ದೆಲ್ಲ ನಾವು ಬಣ್ಣದ ಮನೆಯಲ್ಲಿ ಕಲಿತದ್ದೇ. ನಮ್ಮ ಹಿರಿಯ ಪಲ್ಲವನ್ನು ಪಾ ಮೇಲೆ ಬಿಟ್ಟರೆ ಪುರಾಣದ ಪ್ರಶ್ನೆ ಕೇಳುತ್ತಾನೆ, ನಿ ಮೇಲೆ ಬಿಟ್ಟರೆ ಒಗಟು ಹಾಕುತ್ತಾನೆ, ಏರಿನಲ್ಲಿ ಯಾವಾಗಲೂ ಎಷ್ಟು ಎಂಬ ಲೆಕ್ಕ ಕೇಳುತ್ತಾನೆ ಎಂದು ಅವಳು ಬಿಡಿಸಿ ಹೇಳಿದಳು. ಅವಳು ಸಾ ಪಾ ಎಂದು ಹೆಸರಿಡಲಿಲ್ಲ, ಕೈಯಿಂದ ಎತ್ತರ ತೋರಿಸಿದಳು. ಅವಳ ಅಪ್ಪ ಇಷ್ಟು ವರ್ಷ ಎದುರು ನಿಂತು ಹಾಡಿದವನು, ಅವನಿಗೆ ತಿಳಿಯದೆ ಇರುತ್ತದೆಯೇ ಎಂದಳು. ಪಲ್ಲವನ್ನು ಹಿಂದಿನವರು ತಿರುಗಿ ತಿರುಗಿ ಹಾಡುವ ಹೊತ್ತು ಜವಾಬು ಹೊಂದಿಸಲು ಅವರಿಗೆ ಸಾಕು.

ಆ ಸಂಜೆ ನನಗೆ ಹಗುರಾಗಬೇಕಿತ್ತು. ಒಂದು ಗಳಿಗೆ ಆಯಿತು ಕೂಡ. ಮರುಗಳಿಗೆಯೇ ಇನ್ನೊಂದು ವಿಚಾರ ಬಂತು. ಬರಿಯ ಪಲ್ಲ ಕೇಳಿ ಇಷ್ಟು ಕಟ್ಟಬಲ್ಲವಳು ತವರಿಗೆ ಹೋದಾಗ ಸುಮ್ಮನೆ ಕೂತಿರುತ್ತಾಳೆಯೇ? ಹುನ್ನೂರಿನ ಮೇಳಕ್ಕೆ ಜವಾಬು ಕಟ್ಟುವುದನ್ನು ಕಲಿಸಿದವಳು ಇವಳೇ ಯಾಕಿರಬಾರದು? ಅವಳು ಕದ್ದು ಒಯ್ಯಲಿಲ್ಲ, ಸರಿ. ಒಯ್ಯುವ ಅಗತ್ಯವೇ ಅವಳಿಗೆ ಇರಲಿಲ್ಲವಲ್ಲ. ಇದನ್ನು ನಾನು ಬಾಯಿ ಬಿಟ್ಟು ಕೇಳಲಿಲ್ಲ. ಒಂದು ಸಂಶಯದ ಸಾಲ ತೀರುವ ಮೊದಲೇ ಇನ್ನೊಂದನ್ನು ಯಾವ ಮುಖದಿಂದ ಕೇಳಲಿ? ಅವಳು ಮೊರವನ್ನು ಮತ್ತೆ ಮಡಿಲಿಗೆ ಎಳೆದುಕೊಂಡಳು.

ಮೇಳ ಆ ವರ್ಷವೇ ಒಡೆಯಿತು. ಹಿರಿಯನಿಗೆ ನಾನು ಅವಳ ಮಾತು ಹೇಳಿದೆ, ನಿಮ್ಮ ಪಲ್ಲವೇ ಎಲ್ಲವನ್ನೂ ಹೇಳಿಬಿಡುತ್ತದಂತೆ ಎಂದು. ಅವನಿಗೆ ಅದು ಹಿಡಿಸಲಿಲ್ಲ. ತನ್ನ ಪದದಲ್ಲಿ ದೋಷವಿದೆ ಎಂದು ನಂಬುವುದಕ್ಕಿಂತ ತನ್ನ ಜನರಲ್ಲಿ ಕಳ್ಳನಿದ್ದಾನೆ ಎಂದು ನಂಬುವುದು ಅವನಿಗೆ ಸುಲಭವಾಗಿತ್ತು. ಒಬ್ಬೊಬ್ಬರೇ ಬಿಟ್ಟರು. ನಾನು ತುಂತುಣಿಯನ್ನು ಗೂಟಕ್ಕೆ ತೂಗುಹಾಕಿದೆ.

ನಮ್ಮ ಸಂಸಾರ ನಡೆಯಿತು. ಮಗಳು ಹುಟ್ಟಿದಳು, ಬೆಳೆದಳು, ಮುಧೋಳದ ಕಡೆ ಕೊಟ್ಟೆವು. ನಾನು ಹೆಂಡತಿಯನ್ನು ಹೊಡೆದವನಲ್ಲ, ಬೈದವನಲ್ಲ. ಆದರೆ ಅವಳು ತವರಿಗೆ ಹೋಗಿ ಬಂದ ಮೇಲೆ ಹುನ್ನೂರಿನವರು ಬೀಳಗಿಯಲ್ಲೋ ಜಮಖಂಡಿಯಲ್ಲೋ ಗೆದ್ದರೇ ಎಂದು ಪೇಟೆಯಲ್ಲಿ ಮೆಲ್ಲಗೆ ವಿಚಾರಿಸುತ್ತಿದ್ದೆ. ಗೆದ್ದಿದ್ದರೆ ಅಂದು ಊಟ ರುಚಿಸುತ್ತಿರಲಿಲ್ಲ. ಮೇಳವೇ ಇಲ್ಲದ ಮೇಲೆ ಅವಳು ಜವಾಬು ಕಟ್ಟಿಕೊಟ್ಟರೆ ನನಗೇನು ನಷ್ಟ? ನಷ್ಟವಿರಲಿಲ್ಲ. ನನ್ನ ಮನೆಯಲ್ಲಿ ಮುಚ್ಚಿಕೊಂಡಿದ್ದ ಬಾಯಿ ಅಲ್ಲಿ ತೆರೆಯುತ್ತದೆ ಎಂಬುದನ್ನು ಸಹಿಸಲಾಗುತ್ತಿರಲಿಲ್ಲ. ಏಕೆಂದರೆ ಆ ಅಮಾವಾಸ್ಯೆಯ ನಂತರ ಅವಳು ನನ್ನೆದುರು ದನಿ ಎತ್ತಿ ಹಾಡಿದ್ದಿಲ್ಲ. ಮಗಳ ತೊಟ್ಟಿಲ ಹತ್ತಿರ ಕೂಡ, ನಾನು ಬಂದರೆ ಬರಿಯ ತೊಟ್ಟಿಲು ತೂಗುತ್ತಿದ್ದಳು. ಮಗ್ಗ ನಡೆಯುವಾಗ ಮಾತ್ರ ರಾಟಿಯ ಕಡೆಯಿಂದ ಒಂದಿಷ್ಟು ಗುನುಗು. ಅದನ್ನೂ ನಾನು ಅದೇ ಕಿವಿಯಿಂದ ಕೇಳುತ್ತಿದ್ದೆ.

ಸಂಸ್ಥಾನ ಹೋದ ವರ್ಷ ಅವಳಿಗೆ ಜ್ವರ ಬಂತು. ಜಮಖಂಡಿಯ ಡಾಕ್ಟರರ ಔಷಧ ತಂದೆ. ತೀರಿಹೋಗುವ ಮುಂಚಿನ ದಿನಗಳಲ್ಲಿ ಅವಳು ಮಗಳ ಬಾಣಂತನಕ್ಕೆ ಎತ್ತಿಟ್ಟ ಹಳೆಯ ಸೀರೆಗಳ ಬಗ್ಗೆ ಹೇಳಿದಳು, ಒಲೆಯ ಮೇಲಿನ ಹೊಗೆಕಿಂಡಿ ಸರಿ ಮಾಡಿಸಿ ಎಂದಳು. ಪದದ ಮಾತು ಬರಲಿಲ್ಲ. ನಾನೂ ತೆಗೆಯಲಿಲ್ಲ.

ದಿನಕರ್ಮಕ್ಕೆ ಅವಳ ತಮ್ಮ ಬಂದು ಮನೆಯಲ್ಲೇ ಉಳಿದ. ಅವನ ಅಪ್ಪ ತೀರಿಹೋಗಿ ವರ್ಷಗಳಾಗಿದ್ದವು, ಅವನ ಮೀಸೆಯೂ ಬೆಳ್ಳಗಾಗಿತ್ತು. ಬಂದವರೆಲ್ಲ ಹೋದ ಮೇಲೆ ಒಂದು ಬೆಳಿಗ್ಗೆ ನಾವಿಬ್ಬರೇ ಪಡಸಾಲೆಯಲ್ಲಿ ಕೂತಿದ್ದೆವು. ಅವನು ತಿರುಗದ ರಾಟಿಯನ್ನು ನೋಡುತ್ತಿದ್ದ. ಇಷ್ಟು ವರ್ಷ ನುಂಗಿದ್ದನ್ನು ಆಗ ಕೇಳಿದೆ.

“ತಮ್ಮಾ, ಈಗ ಸುಳ್ಳ ಹೇಳಿ ಯಾರಿಗೂ ಉಪಯೋಗ ಇಲ್ಲ. ನಿಮಗ ಜವಾಬ ಕಟ್ಟಿ ಕೊಡತಿದ್ದಾಕಿ ನಿಮ್ಮ ಅಕ್ಕನೇನು?”

ಅವನು ರಾಟಿಯಿಂದ ನನ್ನತ್ತ ತಿರುಗಿದ. ನಾನು ಹಾಸ್ಯ ಮಾಡುತ್ತಿದ್ದೇನೆ ಎಂದುಕೊಂಡಿರಬೇಕು.

“ಮಾಮಾ, ಅಕ್ಕನ ಮುಂದ ನಾವು ಬಾಯಿನ ತಗೀತಿದ್ದಿಲ್ಲ. ಆಕಿ ಬಂದಾಳ ಅಂದ್ರ ಅಪ್ಪ ಡಪ್ಪ ಎತ್ತಿ ಅಟ್ಟದ ಮ್ಯಾಲೆ ಇಡಸ್ತಿದ್ದ. ಬನಹಟ್ಟಿಗಿ ಕೊಟ್ಟ ಮಗಳು, ಬನಹಟ್ಟಿ ಕಿವಿ ಅಂತಿದ್ದ.”

ಆಮೇಲೆ ಅವನೇ ಮುಂದುವರಿಸಿ ಹೇಳಿದ. ನಾವು ಕೆಲವು ಸಲ ಅವರನ್ನು ಸೋಲಿಸಿದ್ದೂ ಉಂಟಲ್ಲ, ಆಗೆಲ್ಲ ಅವರ ಮೇಳದಲ್ಲಿಯೂ ಪದ ಒಯ್ಯುವವಳು ಅವಳೇ ಎಂಬ ಮಾತು ಎದ್ದಿತ್ತಂತೆ. ಪಂಚಮಿಗೆ ತವರಿಗೆ ಬಂದಾಗ ಓಣಿಯ ಹೆಂಗಸರು ಜೋಕಾಲಿ ಆಡುತ್ತ ಹಾಡುವಾಗ ಅಕ್ಕ ಒಂದು ಪಲ್ಲ ಎತ್ತಿದಳಂತೆ. ಅಪ್ಪ ಒಳಗಿನಿಂದ ಬಂದು, ಯಾರ ಮೇಳದ್ದು ಅದು ಎಂದು ಎಲ್ಲರ ಎದುರು ಕೇಳಿದನಂತೆ. ಅಂದಿನಿಂದ ಅವಳು ಜೋಕಾಲಿಯ ಹತ್ತಿರ ಹೋಗುವುದನ್ನೂ ಬಿಟ್ಟಳು.

“ಒಮ್ಮೆ ಮಾತ್ರ ಅಕ್ಕನ ಕಿವಿಗಿ ಬೀಳೂಹಂಗ ಬೇಕಂತ ಖೊಟ್ಟಿ ಪದಾ ಹಾಡಿ ನೋಡಿದ್ವಿ, ಮಾಮಾ. ನಿಮಗ ಮುಟ್ಟತೈತೋ ಇಲ್ಲೋ ಅಂತ.”

ಅವಳು ಏನಂದಳು ಎಂದು ಕೇಳಿದೆ. ಏನೂ ಅನ್ನಲಿಲ್ಲವಂತೆ. ಮರುದಿನ ಬೆಳಿಗ್ಗೆ ಇನ್ನೂ ಎರಡು ದಿನ ಇರಬೇಕಾದವಳು ಗಾಡಿ ಕಟ್ಟಿಸು ಎಂದಳಂತೆ. ಅವನು ಧೋತರದ ತುದಿಯಿಂದ ಮುಖ ಒರೆಸಿಕೊಂಡ.

“ಹೋಗಲಿ ಬಿಡ್ರಿ. ಇಲ್ಲಿ ಅಂತೂ ಹಾಡಕೋತ ಇದ್ಲಲ್ಲ. ನಮಗ ಅದ ಸಮಾಧಾನ ಇತ್ತು.”

ಅಲ್ಲಿ ಹಾಡುತ್ತಾಳೆ ಎಂದು ನಾನು ಊಟ ಬಿಟ್ಟ ದಿನಗಳು ನನ್ನ ಎದುರು ಬಂದು ನಿಂತವು. ಇಲ್ಲ ಎನ್ನಲು ನನಗೆ ಧೈರ್ಯ ಸಾಲಲಿಲ್ಲ. ಮಗ್ಗ ನಡೆಯುವಾಗ ಹಾಡುತ್ತಿದ್ದಳು ಎಂದೆ. ಅದು ಸುಳ್ಳಲ್ಲ.

“ಯಾವ ಪದಾರೀ?” ಎಂದು ಅವನು ಕೇಳಿದ. ಅವನಿಗೆ ಅದನ್ನು ಒಮ್ಮೆ ಕೇಳಬೇಕೆಂದು ಆಸೆ. ಪಲ್ಲ ಒಂದನ್ನು ಹೇಳಿದರೆ ಸಾಕು ಎಂದ, ಉಳಿದದ್ದನ್ನು ತಾನು ಹುಡುಕಿಕೊಳ್ಳುತ್ತೇನೆ ಎಂದ.

ನಾನು ನೆನಪು ಮಾಡಿಕೊಳ್ಳಲು ಕೂತೆ. ಇಷ್ಟು ವರ್ಷ ಅವಳ ಗುನುಗಿಗೆ ನನ್ನಷ್ಟು ಕಿವಿಗೊಟ್ಟವರು ಯಾರೂ ಇರಲಿಕ್ಕಿಲ್ಲ. ಅದು ನಮ್ಮ ಮೇಳದ್ದೇ, ಅವರ ಮೇಳದ್ದೇ ಎಂದು ತೂಗಿ ನೋಡಿದ್ದೆ. ಎರಡೂ ಅಲ್ಲ ಎಂದು ಎಷ್ಟೋ ಸಲ ಗೊತ್ತಾಗಿತ್ತು, ಗೊತ್ತಾದ ಕೂಡಲೇ ಕೇಳುವುದನ್ನು ಬಿಡುತ್ತಿದ್ದೆ. ಎರಡೂ ಅಲ್ಲದ್ದು ಏನಾಗಿತ್ತು ಎಂದು ಕೇಳಿರಲಿಲ್ಲ. ಅವಳ ತಮ್ಮ ಕಾಯುತ್ತ ಕೂತಿದ್ದ. ನನಗೆ ಒಂದು ಸಾಲೂ ಬರಲಿಲ್ಲ.